ಕಟ್ಟಿಕೊಂಡದ್ದು ಕಡೇ ತನಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಾಲ್ಕು ಮಹಡಿಯ ಹಳೆಯ ಕಟ್ಟಡದಲ್ಲಿ ಪೊರಕೆಯ ಸದ್ದು ಮೇಲಿನಿಂದ ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿದೆ. ಅಂಗಡಿಗಳ ಶಟರುಗಳೆಲ್ಲ ಮುಚ್ಚಿವೆ. ಲಿಫ್ಟು ಎಂದಿನಂತೆ ಕೆಟ್ಟು ಕೂತಿದೆ. ಬಲಗೈಯಲ್ಲಿ ಪೊರಕೆ, ಎಡಗೈಯಲ್ಲಿ ಕಸದ ಮೊರ ಹಿಡಿದ ಹೆಂಗಸು ಮೂರನೇ ಮಹಡಿಯ ತಿರುವಿನಲ್ಲಿ ನಿಲ್ಲುತ್ತಾರೆ. ಮೊರ ಕೆಳಗಿಟ್ಟು, ಎಡಗೈಯನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಕೇಳುತ್ತಾರೆ. ಆಮೇಲೆ ಸೆರಗಿನ ಗಂಟಿನಿಂದ ಮೊಬೈಲು ತೆಗೆದು ಅದರ ಗಂಟೆಗೂ ಕೈಯ ವಾಚಿನ ಗಂಟೆಗೂ ತಾಳೆ ನೋಡುತ್ತಾರೆ. "ಇವತ್ತು ಇವನಿಗೆ ಯಾರೋ ಕೀ ಕೊಟ್ಟಿದಾರೆ, ಭಾರಿ ಅವಸರದಲ್ಲಿದಾನೆ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಮತ್ತೆ ಪೊರಕೆ ಹಿಡಿಯುತ್ತಾರೆ. ಕೀ ಕೊಟ್ಟವರು ಅವರೇ, ಅರ್ಧ ಗಂಟೆ ಮೊದಲು.

ಅವರ ಮಣಿಕಟ್ಟಿನ ಮೇಲಿರುವುದು ಅವರಿಗಿಂತ ಹಿರಿಯ ವಾಚು. ಅದರ ಡಯಲ್ ಹಾಲುಬಿಳುಪಿನಿಂದ ಹಳೆಯ ಕಾಗದದ ಬಣ್ಣಕ್ಕೆ ತಿರುಗಿದೆ, ಮುಳ್ಳುಗಳು ಹುಲ್ಲಿನೆಳೆಯಷ್ಟು ತೆಳ್ಳಗಿವೆ. ಈ ಕಟ್ಟಡದ ಬಾಡಿಗೆದಾರರಲ್ಲಿ ಹೆಚ್ಚಿನವರು ಇಂಥದ್ದನ್ನು ಗಾಜಿನಾಚೆಯಿಂದ ನೋಡಿ ನಿಟ್ಟುಸಿರು ಬಿಟ್ಟವರೇ. ಅದನ್ನು ಕಟ್ಟಿಕೊಂಡು ಮೆಟ್ಟಿಲು ಗುಡಿಸುವ ಭಾಗ್ಯ ಮಾತ್ರ ಇವರೊಬ್ಬರದು. ಕಟ್ಟಡದವರ ಬಾಯಲ್ಲಿ ಇವರ ಹೆಸರು ಕೈಯಕ್ಕ.

ಗುಡಿಸುವುದು ಅವರ ಒಂದು ಕೆಲಸ, ವಾಚು ಕಟ್ಟಿಕೊಳ್ಳುವುದು ಇನ್ನೊಂದು. ಎರಡನೆಯದೂ ಕೆಲಸವೇ ಎಂದು ನಂಬಿಸಲು ಅವರು ನೆಂಟರಿಷ್ಟರ ಮುಂದೆ ವರ್ಷಗಟ್ಟಲೆ ಬೆವರು ಹರಿಸಿದ್ದಾರೆ. ನೆಲಮಹಡಿಯಲ್ಲಿರುವ ಹಳೇ ವಾಚುಗಳ ಅಂಗಡಿಯಲ್ಲಿ ರಿಪೇರಿಯಾದ ಪ್ರತಿಯೊಂದು ವಾಚೂ ಗಾಜಿನ ಕಪಾಟು ಸೇರುವ ಮೊದಲು ಒಂದು ವಾರ ಇವರ ಕೈಯಲ್ಲಿರಬೇಕು. ಇವರು 'ಹೂಂ' ಅಂದರೆ ಮಾರಾಟಕ್ಕೆ, 'ಊಹೂಂ' ಅಂದರೆ ವಾಪಸು ರಿಪೇರಿ ಮೇಜಿಗೆ. ಆ ಅಂಗಡಿಯ ಹಳೇ ಗಿರಾಕಿಗಳು ಬೆಲೆ ವಿಚಾರಿಸುವ ಮೊದಲು "ಅಕ್ಕ ಹೂಂ ಅಂದ್ರಾ?" ಎಂದು ಕೇಳುತ್ತಾರೆ.

ಅಂಗಡಿಯ ಮಾಲೀಕರೂ ರಿಪೇರಿಯವರೂ ಒಬ್ಬರೇ. ಕೈಯಕ್ಕ ಅವರನ್ನು ಅಣ್ಣ ಎನ್ನುತ್ತಾರೆ, ಅವರು ಇವರನ್ನು ಅಕ್ಕ ಎನ್ನುತ್ತಾರೆ. ಹಾಗಾದರೆ ಇಬ್ಬರಲ್ಲಿ ದೊಡ್ಡವರು ಯಾರು ಎಂದು ಕೇಳಿದರೆ ಇಬ್ಬರೂ ಮಾತು ಬದಲಾಯಿಸುತ್ತಾರೆ. ಕೈಗೆ ಕಟ್ಟಿದ ವಾಚು ಕೈ ಕೊಡಬಾರದು ಎನ್ನುವುದು ಅಣ್ಣನ ಒಂದೇ ಸಿದ್ಧಾಂತ. ಅದಕ್ಕೆ ಹಿಂದೊಮ್ಮೆ ದೊಡ್ಡ ಪೆಟ್ಟು ಬಿದ್ದಿತ್ತು. ಅವರು ಮಾರಿದ ವಾಚೊಂದು ಮೇಜಿನ ಮೇಲೆ ಲಕ್ಷಣವಾಗಿ ನಡೆಯುತ್ತಿತ್ತು, ಕೊಂಡವನ ಕೈಗೆ ಹೋದರೆ ನಿಲ್ಲುತ್ತಿತ್ತು. ಅವನು ತರುವುದು, ಇವರು ಮೇಜಿನ ಮೇಲಿಡುವುದು, ಅದು ಸಂಭಾವಿತನಂತೆ ನಡೆಯುವುದು. ಅಣ್ಣ ತಾವೇ ಕಟ್ಟಿಕೊಂಡು ನೋಡಿದರು. ಆದರೆ ಅವರದು ದಿನವಿಡೀ ಮೇಜಿನಂಚಿಗೆ ಒರಗಿ ಕೂತಿರುವ ಕೈ. ಆ ಕೈಯ ಮೇಲೆ ಕೆಟ್ಟ ವಾಚೂ ಆರಾಮಾಗಿಯೇ ಇರುತ್ತದೆ.

ಆಗ ಬಾಗಿಲ ಮುಂದೆ ಗುಡಿಸುತ್ತಿದ್ದ ಹೆಂಗಸಿನ ಕೈ ಅವರ ಕಣ್ಣಿಗೆ ಬಿತ್ತು. ಬೀಸುವ, ಬಾಗುವ, ಎತ್ತುವ, ಇಳಿಸುವ ಕೈ ಅದು. ಒಂದು ದಿನ ಕಟ್ಟಿಕೊಂಡು ನೋಡುತ್ತೀರಾ ಎಂದು ಕೇಳಿದರು. ಮರುದಿನ ವಾಚು ತಂದುಕೊಟ್ಟ ಹೆಂಗಸು, ಕೈ ಇಳಿಬಿಟ್ಟಾಗ ಇದು ನಿಲ್ಲುತ್ತದೆ, ಎತ್ತಿ ಹಿಡಿದರೆ ಮತ್ತೆ ನಡೆಯುತ್ತದೆ ಅಂದರು. ಅಣ್ಣನಿಗೆ ಅಷ್ಟು ಸುಳಿವು ಸಾಕಾಗಿತ್ತು. ಬಿಚ್ಚಿ ನೋಡಿದರೆ ಒಂದು ಸಣ್ಣ ಚಕ್ರದ ತುದಿ ಒಂದೇ ಮಗ್ಗುಲಿಗೆ ಸವೆದಿತ್ತು. ಅಂದಿನಿಂದ ಅಣ್ಣನ ಕಣ್ಣು, ಅಕ್ಕನ ಕೈ ಎಂದು ಅಂಗಡಿ ನಡೆಯುತ್ತಿದೆ.

ಕೆಲಸಕ್ಕೆ ಕಟ್ಟುಪಾಡುಗಳಿವೆ. ವಾಚು ಕಟ್ಟಿಕೊಂಡ ಕೈ ನೀರು ಮುಟ್ಟುವಂತಿಲ್ಲ, ಒಲೆಯ ಹಬೆಗೆ ಹೋಗುವಂತಿಲ್ಲ, ಬಿಸಿ ಇಸ್ತ್ರಿ ಪೆಟ್ಟಿಗೆಯ ಹತ್ತಿರ ಸುಳಿಯುವಂತಿಲ್ಲ. ಕೊನೆಯದು ಕಷ್ಟದ್ದು, ಏಕೆಂದರೆ ಕೈಯಕ್ಕನ ಗಂಡ ಮನೆಯ ಮುಂಕೋಣೆಯಲ್ಲೇ ಇಸ್ತ್ರಿ ಅಂಗಡಿ ಇಟ್ಟುಕೊಂಡವರು. ಮದುವೆಯಾದಾಗಿನಿಂದ ಬಟ್ಟೆ ಮಡಚಿಕೊಡುತ್ತಿದ್ದ ಹೆಂಡತಿ ಈಗ ಹೊಸ್ತಿಲಿನಾಚೆ ನಿಂತು ಮಾತಾಡುತ್ತಾರೆ. ಪಾತ್ರೆ ತೊಳೆಯುವುದೂ ಗಂಡನ ಪಾಲಿಗೇ ಬಂದಿದೆ. "ನಾನು ಕಟ್ಟಿಕೊಂಡವಳು ವಾರಕ್ಕೊಬ್ಬನ್ನ ಕಟ್ಟಿಕೊಂಡು ಬರ್ತಾಳೆ. ಪಾತ್ರೆ ಮಾತ್ರ ನಾನೇ ತಿಕ್ಕಬೇಕು" ಎಂದು ಅವರು ಬಂದ ಗಿರಾಕಿಗಳಿಗೆಲ್ಲ ದೂರುತ್ತಾರೆ. ಆದರೆ ಹೊಸ ವಾಚು ಬಂದ ದಿನ ಅದರ ಟಿಕ್ ಟಿಕ್ ಮೊದಲು ಕೇಳಿಸಿಕೊಳ್ಳುವುದು ಅವರೇ. ಇಸ್ತ್ರಿ ಪೆಟ್ಟಿಗೆ ದೂರ ಸರಿಸಿ, ಕೈ ಒರೆಸಿಕೊಂಡು, ಹೆಂಡತಿಯ ಮಣಿಕಟ್ಟಿಗೆ ಕಿವಿಯಿಡುತ್ತಾರೆ.

ಮೊದಮೊದಲು ಈ ಕೆಲಸ ಸಲೀಸಾಗಿರಲಿಲ್ಲ. ಕಸ ಗುಡಿಸುವವಳ ಕೈಯಲ್ಲಿ ಇಂಥ ವಾಚು ಎಲ್ಲಿಂದ ಬಂತು ಎಂದು ಬಸ್ಸಿನಲ್ಲಿ ಒಬ್ಬರು ಜೋರಾಗಿಯೇ ಕೇಳಿದ್ದರಂತೆ. ಬಸ್ಸಿಡೀ ತಿರುಗಿ ನೋಡಿತು. ಕೈಯಕ್ಕ ಸೆರಗಿನಡಿ ಕೈ ಮುಚ್ಚಿಕೊಂಡು ಮುಂದಿನ ನಿಲ್ದಾಣದಲ್ಲೇ ಇಳಿದು ಮನೆಗೆ ನಡೆದು ಹೋದರು. ಅಂದು ಅತ್ತದ್ದನ್ನು ಅವರು ಮುಚ್ಚಿಡುವುದಿಲ್ಲ. ಮರುದಿನ ಅಣ್ಣನಿಗೆ, ಇನ್ನು ಕಟ್ಟಿಕೊಳ್ಳುವುದಿಲ್ಲ ಎಂದರು. ಅಣ್ಣ ಕಪಾಟಿನಿಂದ ಒಳ್ಳೊಳ್ಳೆಯ ವಾಚುಗಳನ್ನು ತೆಗೆದು ಮುಂದಿಟ್ಟು, ಇವೆಲ್ಲ ನಿಮ್ಮ ಒಂದು ಹೂಂಕಾರಕ್ಕೆ ಕಾದು ಕೂತಿವೆ, ಬಸ್ಸಿನಲ್ಲಿದ್ದವರ ಮಾತಿಗಲ್ಲ ಅಂದರು. ಈಗ ಯಾರಾದರೂ ಕೇಳಿದರೆ ಕೈಯಕ್ಕ ತೋಳು ಮೇಲೇರಿಸಿಯೇ ತೋರಿಸುತ್ತಾರೆ. "ನಂದಲ್ಲ. ಆದ್ರೆ ನಾನಿಲ್ದೆ ಇದು ಯಾರದೂ ಆಗಲ್ಲ" ಅನ್ನುತ್ತಾರೆ.

ಹಳೇ ವಾಚು ಕೊಳ್ಳುವವರಲ್ಲಿ ಎರಡು ಜಾತಿ ಎಂಬುದು ಅವರ ಅನುಭವ. ಒಂದು, ನೋಡಿದ ಕೂಡಲೇ ಕಟ್ಟಿಕೊಳ್ಳುವವರು. ಇನ್ನೊಂದು, ಕಟ್ಟಿಕೊಳ್ಳದೆ ಬೆಲೆ ಏರಲೆಂದು ಬೀಗ ಹಾಕಿ ಇಡುವವರು. ಗಂಡಸರು ಚಾವಡಿಯಲ್ಲಿ ಕೂತು ಆಡುವ 'ಕಟ್ಟಿಕೊಂಡವಳು ಕಡೇ ತನಕ, ಇಟ್ಟುಕೊಂಡವಳು ಇರೋ ತನಕ' ಎಂಬ ಗಾದೆಯನ್ನು ಅವರು ಕಿತ್ತುಕೊಂಡು ತಮ್ಮ ಕಸುಬಿಗೆ ಹಚ್ಚಿದ್ದಾರೆ. "ವಾಚಿಗೂ ಅಷ್ಟೇ. ಕಟ್ಟಿಕೊಂಡದ್ದು ಕಡೇ ತನಕ, ಇಟ್ಟುಕೊಂಡದ್ದು ಇರೋ ತನಕ" ಎನ್ನುತ್ತಾರೆ. ಹೇಳಿ ನಗುತ್ತಾರೆ, ಆದರೆ ಮಾತು ತಮಾಷೆಯದಲ್ಲ. ನಡೆಯದೆ ಬಿದ್ದ ವಾಚಿನೊಳಗೆ ಎಣ್ಣೆ ಅಂಟಾಗುತ್ತದೆ, ಎಂದೋ ಒಂದು ದಿನ ಮಾರಲು ತೆಗೆದರೆ ಅದು ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಬರೀ ಕೀ ಕೊಟ್ಟಿಟ್ಟರೆ ಸಾಲದೇ ಎಂದರೆ ಅವರ ಉತ್ತರ ಸಿದ್ಧವಿದೆ. "ಕೀ ಕೊಟ್ರೆ ನಡೆಯುತ್ತೋ ಇಲ್ವೋ ಗೊತ್ತಾಗುತ್ತೆ. ಕಟ್ಟಿಕೊಂಡ್ರೆ ಹೇಗೆ ನಡೆಯುತ್ತೆ ಅಂತ ಗೊತ್ತಾಗುತ್ತೆ."

ಬೆಲೆ ಉಳಿಯುವ ವಾಚು ಯಾವುದು ಎಂದು ಕೇಳಿ ಬರುವವರಿಗೆ ಅಣ್ಣನೂ ಸುಮ್ಮನೆ ಆಸೆ ಹುಟ್ಟಿಸುವುದಿಲ್ಲ. ಡಯಲಿಗೆ ಹೊಸ ಬಣ್ಣ ಬಳಿದಿರಬಾರದು, ಮುಳ್ಳು ಬದಲಾಗಿರಬಾರದು, ಎಲ್ಲಕ್ಕಿಂತ ಹೆಚ್ಚಾಗಿ ಮೈ ಉಜ್ಜಿರಬಾರದು. ಹಳೇ ವಾಚು ಹೊಸದರಂತೆ ಫಳಫಳ ಹೊಳೆದರೆ ಎರಡು ಹೆಜ್ಜೆ ಹಿಂದೆ ಸರಿಯಿರಿ ಎನ್ನುತ್ತಾರೆ. ನಾಳೆ ಬೆಲೆ ಬಿದ್ದರೂ ನೋಡಿ ಖುಷಿಪಡುವಂಥದ್ದಾದರೆ ಮಾತ್ರ ಕೊಳ್ಳಿ ಎಂಬುದು ಅವರ ಕೊನೆಯ ಬುದ್ಧಿವಾದ. ಖುಷಿ ಅಂತೂ ಅಂದೇ ಕೈ ಸೇರಿರುತ್ತದೆ, ಲಾಭ ಬಂದರೆ ಬೋನಸ್ಸು.

ಈ ಬುದ್ಧಿವಾದವನ್ನು ನಯವಾಗಿ ಕೇಳಿಸಿಕೊಂಡು ತಮ್ಮದೇ ದಾರಿ ಹಿಡಿದವರು ಒಬ್ಬರಿದ್ದಾರೆ. ನೆಲಹಾಸಿನ ಟೈಲ್ಸುಗಳ ಸಗಟು ವ್ಯಾಪಾರಿ. ಕೈಯಕ್ಕನ ಗಂಡ ಅವರಿಗಿಟ್ಟ ಹೆಸರು ಲಾಕರ್ ಸಾಹೇಬರು. ಅಂಗಡಿಗೆ ಬಂದ ಒಳ್ಳೆಯ ವಾಚುಗಳಲ್ಲಿ ಆರಿಸಿ ಕೊಂಡು, ಹತ್ತಿಯಲ್ಲಿ ಸುತ್ತಿ, ಲಾಕರಿನಲ್ಲಿಟ್ಟು, ತಮ್ಮ ಕೈಗೆ ಮಾತ್ರ ಪ್ಲಾಸ್ಟಿಕ್ಕಿನ ವಾಚು ಕಟ್ಟಿಕೊಂಡು ಓಡಾಡುವವರು. ಕಟ್ಟಿದರೆ ಸವೆಯುತ್ತದಲ್ಲ ಎನ್ನುವುದು ಅವರ ಹೆದರಿಕೆ. ಕಟ್ಟದಿದ್ದರೆ ಕೆಡುತ್ತದಲ್ಲ ಎಂದು ಅಣ್ಣ ಹೆದರಿಸಿದಾಗ ಇಬ್ಬರೂ ಸೇರಿ ಒಂದು ಉಪಾಯ ಮಾಡಿದರು. ತಿಂಗಳಿಗೊಂದು ದಿನ ಸರದಿಯಂತೆ ಆ ವಾಚುಗಳನ್ನು ಕೈಯಕ್ಕ ಕಟ್ಟಿಕೊಂಡು ನಡೆದಾಡಿಸಬೇಕು. ಅದಕ್ಕೆ ಅವರಿಗೆ ಬೇರೆ ಸಂಬಳ. ಹೀಗೆ ದುಡ್ಡು ಕೊಟ್ಟು ಕೊಂಡವರು ಸುಖವನ್ನು ಇನ್ನೊಬ್ಬರಿಗೆ ಗುತ್ತಿಗೆ ಕೊಟ್ಟದ್ದನ್ನು ನೋಡಿ ಇಡೀ ಕಟ್ಟಡವೇ ನಕ್ಕಿತು. ಕೈಯಕ್ಕ ಮಾತ್ರ ನಗಲಿಲ್ಲ. ಪರರ ಮಕ್ಕಳನ್ನು ಆಡಿಸಿದ ಹಾಗೆ ಜೋಪಾನವಾಗಿ ಆ ವಾಚುಗಳನ್ನು ಆಡಿಸಿಕೊಂಡು ಬಂದರು.

ಸಾಹೇಬರ ವಾಚುಗಳಲ್ಲೆಲ್ಲ ಒಂದರ ಮೇಲೆ ಕೈಯಕ್ಕನಿಗೆ ಹೆಚ್ಚು ಮೋಹ. ಅದು ಚಿನ್ನದ ಗಿಲೀಟಿನದು. ಅಷ್ಟು ವರ್ಷಗಳ ಮೇಲೂ ಅದರ ಅಂಚಿನಲ್ಲಿ ಗಿಲೀಟು ಒಂದಿಷ್ಟೂ ಸವೆದಿರಲಿಲ್ಲ. ಅಂಥದ್ದು ಸಿಗುವುದೇ ಅಪರೂಪ, ಅದರ ಬೆಲೆಯೆಲ್ಲ ಇರುವುದೇ ಆ ಮುಟ್ಟದ ಮೈಯಲ್ಲಿ ಎಂದು ಅಣ್ಣ ಹಲವು ಸಲ ಹೇಳಿದ್ದರು. ಕಳೆದ ವರ್ಷ ಅದರ ಸರದಿಯ ದಿನ ಕೈಯಕ್ಕ ಗುಡಿಸಿ ಮುಗಿಸಿ ಹೊರಡುವಾಗ ಯಾರೋ ಅಂಗಡಿಯ ಶಟರು ಎಳೆದರು. ಅದರ ಹಿಡಿ ಅವರ ಮಣಿಕಟ್ಟಿಗೆ ತಾಗಿತು. ಮನೆಗೆ ಬಂದು ನೋಡಿದರೆ ವಾಚಿನ ಅಂಚಿನಲ್ಲಿ ಎಳ್ಳುಕಾಳಿನಷ್ಟು ಉದ್ದದ ಕಪ್ಪು ಗೀರು.

ಅಷ್ಟಕ್ಕೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅದು ಕಲೆ ಕಂಡಲ್ಲಿ ಸುಮ್ಮನಿರದ ಕೈ. ಗಂಡ ಇಸ್ತ್ರಿ ಪೆಟ್ಟಿಗೆಯ ತಳ ಉಜ್ಜುವ ಪುಡಿ ಅಲ್ಲೇ ಇತ್ತು. ಚಿಟಿಕೆ ಪುಡಿ, ಮೆತ್ತನೆಯ ಬಟ್ಟೆ. ಗೀರು ಹೋಗಲೆಂದು ಉಜ್ಜಿದರು. ಅಲ್ಲಿ ಹೊಳಪು ಬಂತು, ಪಕ್ಕದ್ದು ಮಂಕಾಗಿ ಕಂಡಿತು. ಪಕ್ಕದ್ದನ್ನೂ ಉಜ್ಜಿದರು. ಸುತ್ತಲೂ ಒಂದೇ ಸಮ ಮಾಡಿ, ಕನ್ನಡಿಯಂತಾದ ಮೇಲೆ ನೆಮ್ಮದಿಯಿಂದ ಎತ್ತಿಟ್ಟರು. ಬೆಳಗಿನ ಬೆಳಕಿನಲ್ಲಿ ತೆಗೆದು ನೋಡಿದರೆ ಅಂಚಿನುದ್ದಕ್ಕೂ ಚಿನ್ನ ಹೋಗಿ ಹಿತ್ತಾಳೆ ಇಣುಕುತ್ತಿತ್ತು. ಗೀರಿದ್ದರೆ ಗೀರಿನ ವಾಚು, ಈಗ ಉಜ್ಜಿದ ವಾಚು. ಕೆರೆದು ಹುಣ್ಣು ಮಾಡಿಕೊಂಡಿದ್ದಾಯಿತು.

"ಉಜ್ಜಬಾರದು ಅಂತ ಗಿರಾಕಿಗಳಿಗೆ ನಾನೇ ಎಷ್ಟು ಸಲ ಹೇಳಿದೀನಿ. ತಲೆಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ" ಎಂದು ಈಗಲೂ ಹೇಳುವಾಗ ಅವರ ಬೆರಳುಗಳು ಮಣಿಕಟ್ಟನ್ನು ಸವರುತ್ತವೆ. ಅಂದು ಅವರ ಮುಂದಿದ್ದದ್ದು ವಾಚಿನ ಬೆಲೆಯೊಂದೇ ಅಲ್ಲ. ಆ ಕೈಯನ್ನು ನಂಬಿ ಜನ ಹಳೇ ವಾಚು ಕೊಳ್ಳುತ್ತಿದ್ದರು. ಕೈಯಕ್ಕ ಉಜ್ಜಿ ಕೆಡಿಸಿದರಂತೆ ಎಂದು ಒಂದು ಮಾತು ಹೊರಬಿದ್ದರೆ ಅವರ 'ಹೂಂ'ಗೆ ಯಾರೂ ಕಿವಿಗೊಡುವುದಿಲ್ಲ. ಇದೊಂದು ಕೆಲಸದಿಂದಲೇ ಅವರು ಬರೀ ಗುಡಿಸುವವರಾಗಿ ಉಳಿಯದೆ ಕೈಯಕ್ಕ ಆಗಿದ್ದರು.

ಕೈಯಕ್ಕ ತಂದಿಟ್ಟ ವಾಚನ್ನು ಅಣ್ಣ ಭೂತಗನ್ನಡಿಯಿಟ್ಟು ನೋಡಿ ಕೆಳಗಿಟ್ಟರು. ಗಿಲೀಟು ಮತ್ತೆ ಹಾಕಿಸಬಹುದು, ಆದರೆ ಆಮೇಲೆ ಇದು ಆ ವಾಚಾಗಿರುವುದಿಲ್ಲ ಅಂದರು. ಕೊನೆಗೆ, ರಿಪೇರಿ ಮೇಜಿನ ಮೇಲೆ ತಮ್ಮಿಂದಲೇ ಆದದ್ದು ಎಂದು ಸಾಹೇಬರಿಗೆ ಹೇಳುತ್ತೇನೆ, ಅಂಗಡಿಯವನ ತಪ್ಪು ಅಂಗಡಿಯೊಳಗೇ ಮುಗಿಯುತ್ತದೆ ಎಂದೂ ಹೇಳಿದರು. ಆ ಮಾತಿಗೆ ಕೈಯಕ್ಕನ ಕಣ್ಣು ತುಂಬಿತು. ಆದರೆ ಒಪ್ಪಲಿಲ್ಲ. "ನನ್ನ ಕೈ ಮಾಡಿದ್ದಕ್ಕೆ ನಿಮ್ಮ ಕೈ ಕೆಟ್ಟ ಹೆಸರು ತಗೊಳ್ಳೋದು ಬೇಡ ಅಣ್ಣ. ನಾಳೆಯಿಂದ ಯಾವ ಬಾಯಲ್ಲಿ ಹೂಂ ಅನ್ನಲಿ ನಾನು?" ಎಂದರು.

ಇಬ್ಬರೂ ಸಾಹೇಬರ ಮನೆಗೆ ಹೋದರು. ಮಾರಾಟವಾಗದೆ ಉಳಿದ ಟೈಲ್ಸುಗಳನ್ನೆಲ್ಲ ಮನೆಗೇ ಹಾಕಿಸಿಕೊಂಡಿದ್ದರಿಂದ ಅಲ್ಲಿ ಹೆಜ್ಜೆಗೊಂದು ಬಣ್ಣದ ನೆಲ. ಕೈಯಕ್ಕ ಕೂರಲಿಲ್ಲ. ಶಟರಿನ ಹಿಡಿಯಿಂದ ಹಿಡಿದು ಇಸ್ತ್ರಿ ಪುಡಿಯವರೆಗೆ ಒಂದನ್ನೂ ಬಿಡದೆ ಹೇಳಿ, ವಾಚನ್ನು ಮೇಜಿನ ಮೇಲಿಟ್ಟರು. ಸಾಹೇಬರು ಅದನ್ನು ಕಿಟಕಿಯ ಬಳಿ ಒಯ್ದು ತಿರುಗಿಸಿ ತಿರುಗಿಸಿ ನೋಡಿದರು.

"ಇದನ್ನ ಇನ್ನು ಯಾರೂ ಕೊಳ್ಳಲ್ಲ" ಎಂದರು ಕೊನೆಗೆ.

ಅಣ್ಣ ತಲೆ ತಗ್ಗಿಸಿದರು. ಸಾಹೇಬರು ಇನ್ನೂ ಕಿಟಕಿಯ ಬಳಿಯೇ ನಿಂತಿದ್ದರು. ಮಾರಲಾಗದ ವಾಚನ್ನು ಹತ್ತಿಯಲ್ಲಿ ಸುತ್ತಿ ಯಾರಿಗೆಂದು ಇಡುವುದು ಎಂಬ ಲೆಕ್ಕ ಅವರ ತಲೆಯಲ್ಲಿ ನಡೆಯುತ್ತಿತ್ತೋ ಏನೋ, ಪ್ಲಾಸ್ಟಿಕ್ಕಿನ ವಾಚನ್ನು ಬಿಚ್ಚಿ ಜೇಬಿಗೆ ಹಾಕಿ, ಗಿಲೀಟಿನ ವಾಚನ್ನು ಮಣಿಕಟ್ಟಿಗೆ ಸುತ್ತಿದರು. ಬೆಲ್ಟು ಕೂಡಲಿಲ್ಲ. ಅದರ ತೊಗಲಿನಲ್ಲಿ ಒಂದೇ ತೂತು ಬಾಯಗಲಿಸಿತ್ತು, ಒಂದೇ ಕಡೆ ಮಡಿಕೆ ಬಿದ್ದಿತ್ತು. ಅದು ಕೈಯಕ್ಕನ ಕೈ ಅಳತೆ. ಸಾಹೇಬರ ದಪ್ಪ ಕೈಗೆ ಬೇಕಾದ ತೂತಿನೊಳಗೆ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಬಕಲಿನ ಮೊಳೆ ಹೊಕ್ಕಿರಲಿಲ್ಲ. ಅವರು ಅದನ್ನೇ ನೋಡುತ್ತ ನಿಂತರು.

"ನನ್ನ ವಾಚಿಗೆ ನನ್ನ ಕೈ ಪರಿಚಯವೇ ಇಲ್ಲವಲ್ಲಮ್ಮ" ಎಂದರು.

ಬೈಗಳಿಗೆ ಸಿದ್ಧವಾಗಿ ಬಂದಿದ್ದ ಕೈಯಕ್ಕ ಮುಂದೆ ಹೋಗಿ, ಸಾಹೇಬರ ಕೈ ಹಿಡಿದು, ಬಿಗಿಯಾದ ತೂತಿನೊಳಗೆ ಮೊಳೆಯನ್ನು ಒತ್ತಿ ಕೂರಿಸಿದರು. ಆಮೇಲೆ ಮಗಳನ್ನು ಗಂಡನ ಮನೆಗೆ ಕಳಿಸುವ ತಾಯಿಯಂತೆ ಅದರ ಗುಣಾವಗುಣಗಳನ್ನೆಲ್ಲ ಒಪ್ಪಿಸಿದರು. ಕೀ ಕೊಡುವಾಗ ಅವಸರ ಬೇಡ, ಸಾಕು ಎಂದು ಅದೇ ಬೆರಳಿಗೆ ತಿಳಿಸುತ್ತದೆ. ಬೆಳಿಗ್ಗೆ ಸ್ವಲ್ಪ ಹಿಂದೆ ಬೀಳುತ್ತದೆ, ಅದಕ್ಕೆ ರಿಪೇರಿ ಎಂದು ಓಡಬೇಡಿ. ಮಳೆಯಲ್ಲಿ ಬಿಚ್ಚಿ ಜೇಬಿಗೆ ಹಾಕಿ.

ಕೆಲಸ ಹೋಗಲಿಲ್ಲ. ನಡೆದದ್ದನ್ನು ಮುಚ್ಚಿಡಲೂ ಇಲ್ಲ. ಅಣ್ಣನೇ ಈಗ ಅಂಗಡಿಗೆ ಬಂದವರಿಗೆ, ಉಜ್ಜಬೇಡಿ ಎಂದು ಹೇಳುವಾಗ ಈ ಕಥೆ ಸೇರಿಸುತ್ತಾರೆ, ಕೈಯಕ್ಕ ಪಕ್ಕದಲ್ಲೇ ನಿಂತು ಮರೆತದ್ದನ್ನು ನೆನಪಿಸುತ್ತಾರೆ. ತನ್ನ ತಪ್ಪನ್ನು ತಾನೇ ಒಯ್ದು ಒಪ್ಪಿಸಿದ ಕೈಯ 'ಹೂಂ'ಗೆ ಬೆಲೆ ಇಳಿಯುವ ಬದಲು ಏರಿದೆ. ಇದು ನ್ಯಾಯವಾದ ಏರಿಕೆ. ಸಾಹೇಬರು ಲಾಕರಿನಿಂದ ಇನ್ನೂ ಎರಡು ವಾಚು ಹೊರತೆಗೆದು ಸರದಿಯ ಮೇಲೆ ತಾವೇ ಕಟ್ಟಿಕೊಳ್ಳುತ್ತಿದ್ದಾರೆ. ಅಷ್ಟರ ಮಟ್ಟಿಗೆ ಕೈಯಕ್ಕನ ಸಂಪಾದನೆ ಕಡಿಮೆಯಾಗಿದೆ, ಅದರ ಬಗ್ಗೆ ಅವರ ಗಂಡನಿಗೆ ಇರುವಷ್ಟು ಚಿಂತೆ ಅವರಿಗಿಲ್ಲ.

ಬಿಸಿಲು ಮೆಟ್ಟಿಲಿನವರೆಗೆ ಬಂದಿದೆ. ಶಟರುಗಳು ಒಂದೊಂದಾಗಿ ಏಳುತ್ತಿವೆ, ಕೈಯಕ್ಕ ಪ್ರತಿ ಶಟರಿಗೂ ಎರಡು ಹೆಜ್ಜೆ ದೂರ ನಿಂತು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾರೆ. ಅಷ್ಟು ಮೋಹದ ವಾಚು ಕೈಬಿಟ್ಟು ಹೋದದ್ದಕ್ಕೆ ಬೇಸರವಿಲ್ಲವೇ ಎಂದರೆ ತುಸು ಯೋಚಿಸುತ್ತಾರೆ. ಬೇಸರವಿದೆ, ಸುಳ್ಳೇಕೆ ಹೇಳಲಿ ಎನ್ನುತ್ತಾರೆ. ಆಮೇಲೆ ಮುಖ ಅರಳುತ್ತದೆ.

"ಮೊನ್ನೆ ಬೆಳಿಗ್ಗೆ ಸಾಹೇಬ್ರು ಅದನ್ನೇ ಕಟ್ಟಿಕೊಂಡು ಬೀದಿಲಿ ಸಿಕ್ಕಿದ್ರು. ನನ್ನ ಕೈಲೂ ವಾಚಿತ್ತು. ಆದ್ರೂ ಬೇಕಂತಲೇ ಟೈಮೆಷ್ಟು ಅಂತ ಕೇಳಿದೆ. ತೋಳು ಸರಿಸಿ, ಕೈ ಎತ್ತಿ, ಗತ್ತಿನಿಂದ ನೋಡಿ ಹೇಳಿದ್ರು. ಎರಡು ನಿಮಿಷ ಹಿಂದಿತ್ತು. ನಾನೇನೂ ಅನ್ನಲಿಲ್ಲ. ಅದು ಅವರ ಟೈಮು."